ಭಂಗಿಯ ಸುಗ್ಗಿಯಲ್ಲಿ ಮಲಾಣಾ

ಬಿಯಾಸ್ ನದಿಯನ್ನು ಪಾರ್ವತಿ ಬಂದು ಕೂಡುವ ಸಂಗಮಸ್ಥಾನದಲ್ಲಿ ಭುಂತರ್ ಎಂಬ ಪೇಟೆಯಿದೆ. ದಿಲ್ಲಿಯಿಂದ ಸುಮಾರು ೫೦೦ ಕಿಲೋಮೀಟರು ಉತ್ತರಕ್ಕೆ, ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯಲ್ಲಿರುವ ಈ ಪೇಟೆಯಿಂದ ಪೂರ್ವಕ್ಕೆ ತಿರುಗಿದರೆ ಪಾರ್ವತಿಯ ಕಣಿವೆ ಆರಂಭವಾಗುತ್ತದೆ. ಮಣಿಕರಣದ ಬಿಸಿನೀರಿನ ಬುಗ್ಗೆಗಳನ್ನು ಅರಸಿ ಹೋಗುವ ಹಿಂದೂ ಮತ್ತು ಸಿಖ್ ಯಾತ್ರಿಕರು ಬಹುಕಾಲದಿಂದ ಈ ದಾರಿಯನ್ನು ತುಳಿಯುತ್ತ ಬಂದಿದ್ದಾರೆ. ಕಳೆದ ಐವತ್ತು ಅರವತ್ತು ವರ್ಷಗಳಿಂದೀಚೆಗೆ ಇನ್ನೊಂದು ಬಗೆಯ ಯಾತ್ರಿಕರೂ ಬರತೊಡಗಿದ್ದಾರೆ. ಇವರ ಯಾತ್ರೆಗೆ ಪಂಚಾಂಗದಲ್ಲಿ ತಿಥಿಯಿಲ್ಲ. ಮಳೆಗಾಲ ಕಳೆದು, ಸೆಪ್ಟೆಂಬರಿನಿಂದ ಅಕ್ಟೋಬರು ಮುಗಿಯುವವರೆಗೆ ಭಂಗಿಯ ಗಿಡ ಹೂಬಿಟ್ಟು ಅಂಟೊಸರುವ ಕೆಲವು ವಾರಗಳೇ ಇವರ ಪರ್ವಕಾಲ. ಕಸೋಲ್, ತೋಶ್, ಪುಲ್ಗಾ, ರಶೋಲ್ ಮೊದಲಾದ ಹಳ್ಳಿಗಳನ್ನೆಲ್ಲ ಸುತ್ತಿದರೂ ಇವರ ಮನಸ್ಸು ನಿಲ್ಲುವುದು ಮಲಾಣಾ ಎಂಬ ಒಂದೇ ಊರಿನಲ್ಲಿ.

ಮಲಾಣಾ ಸಮುದ್ರಮಟ್ಟದಿಂದ ಸುಮಾರು ೮,೭೦೦ ಅಡಿ ಎತ್ತರದಲ್ಲಿ, ಪಾರ್ವತಿಯನ್ನು ಸೇರುವ ಹೊಳೆಯೊಂದರ ದಂಡೆಯ ಮೇಲಿನ ಕಡಿದಾದ ಇಳಿಜಾರಿನಲ್ಲಿದೆ. ಇಪ್ಪತ್ತನೆಯ ಶತಮಾನದ ಅಂತ್ಯದವರೆಗೂ ಅಲ್ಲಿಗೆ ಮೂರು ಕಾಲುದಾರಿಗಳು ಮಾತ್ರ ಇದ್ದವು: ನಗ್ಗರದಿಂದ ಹನ್ನೆರಡು ಸಾವಿರ ಅಡಿಯ ಚಂದ್ರಖಾಣಿ ಘಾಟಿಯನ್ನು ಹತ್ತಿಳಿಯುವುದೊಂದು, ರಶೋಲಿನ ಮೇಲಿನ ಘಾಟಿಯನ್ನು ದಾಟಿ ಬರುವುದೊಂದು, ಜರಿ ಎಂಬ ಹಳ್ಳಿಯಿಂದ ಹೊಳೆಯ ಕಮರಿಯನ್ನು ಹಿಡಿದು ಏರುವುದೊಂದು. ನಗ್ಗರವೆಂದರೆ ರೋರಿಕ್ ಮನೆತನ ನೆಲಸಿದ್ದ ಊರು. ಆ ಮನೆಯ ಮಗ ಸ್ವೆತೊಸ್ಲಾವ್ ರೋರಿಕ್ ಮುಂದೆ ದೇವಿಕಾರಾಣಿಯವರೊಡನೆ ಬೆಂಗಳೂರಿನ ತಾತಗುಣಿಯಲ್ಲಿ ವಾಸಿಸಿದ್ದು ಕನ್ನಡಿಗರಿಗೆ ತಿಳಿದ ಸಂಗತಿಯೇ. ಜಲವಿದ್ಯುತ್ತಿಗಾಗಿ ಹೊಳೆಗೆ ಕಟ್ಟೆ ಕಟ್ಟುವ ಕೆಲಸ ಬಂದಾಗ ಜರಿಯ ಕಡೆಯಿಂದ ಮೋಟಾರುರಸ್ತೆಯಾಯಿತು. ೮೬ ಮೆಗಾವಾಟಿನ ಮೊದಲನೆಯ ಯೋಜನೆ ೨೦೦೧ರಲ್ಲಿ ಪೂರ್ಣಗೊಂಡಿತು. ಅಲ್ಲಿಂದೀಚೆಗೆ ಪ್ರಯಾಣಿಕನು ಊರಿನ ಬುಡದವರೆಗೆ ಜೀಪಿನಲ್ಲಿ ಹೋಗಿ ಕೊನೆಯ ಏರನ್ನು ಮಾತ್ರ ನಡೆದು ಹತ್ತುತ್ತಿದ್ದನು. ಎರಡು ದಿನದ ನಡಿಗೆ ಎರಡು ಗಂಟೆಗಿಳಿದುದೇ ಈ ಊರಿನ ಇತ್ತೀಚಿನ ಚರಿತ್ರೆಯಲ್ಲಿ ದೊಡ್ಡ ಘಟನೆಯೆಂದರೆ ತಪ್ಪಾಗಲಾರದು.

ಊರಿನ ಹೊಸ್ತಿಲಲ್ಲೇ ಪ್ರಯಾಣಿಕನಿಗೆ ಎದುರಾಗುವುದು ಸ್ಪರ್ಶದ ನಿಯಮ. ಹೊರಗಿನವನು ಗುಡಿಯನ್ನಾಗಲಿ, ಮನೆಯ ಗೋಡೆಯನ್ನಾಗಲಿ, ಊರಿನವರ ಮೈಯನ್ನಾಗಲಿ ಮುಟ್ಟಬಾರದು. ಮುಟ್ಟಿದರೆ ದಂಡ ತೆರಬೇಕು; ದಂಡದ ಮೊತ್ತವನ್ನು ಹಲಗೆಯ ಮೇಲೆ ಬರೆದು ನಿಲ್ಲಿಸಿರುವುದೂ ಉಂಟು. ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣ ಕೊಳ್ಳಬೇಕಾದರೆ ಹಣವನ್ನು ಕೆಳಗಿಡಬೇಕು, ಅಂಗಡಿಯವನು ಸರಕನ್ನೂ ಚಿಲ್ಲರೆಯನ್ನೂ ಹಾಗೆಯೇ ಕೆಳಗಿಡುತ್ತಾನೆ. ದಕ್ಷಿಣದಿಂದ ಹೋದ ವಿದ್ಯಾವಂತನಿಗೆ ಇದು ಮಡಿಯನ್ನು ನೆನಪಿಗೆ ತರಬಹುದು. ಮಡಿಯ ಇನ್ನೊಂದು ಮುಖವಾದ ಅಸ್ಪೃಶ್ಯತೆಯನ್ನೂ ತರಬೇಕು. ಜಾತಿಯ ಹೆಮ್ಮೆಯಿಂದ ಬಂದವನು ಇಲ್ಲಿ ಜೀವನದಲ್ಲಿ ಮೊದಲ ಬಾರಿಗೆ ತಾನೇ ಮೈಲಿಗೆಯಾಗಿ ನಿಲ್ಲುತ್ತಾನೆ. ಆ ಅನುಭವದಿಂದ ಅವನಿಗೆ ಹಾನಿಯೇನೂ ಇಲ್ಲ.

ಈ ನಿಯಮಗಳ ಮೂಲ ಊರಿನ ಅಧಿದೈವವಾದ ಜಮ್ಲು ದೇವತೆ. ಜಮ್ಲುವೆಂದರೆ ಜಮದಗ್ನಿ ಋಷಿಯೇ ಎಂದು ಅಲ್ಲಿನವರ ನಂಬಿಕೆ. ಸವದತ್ತಿಯ ಯಲ್ಲಮ್ಮನನ್ನು ರೇಣುಕೆಯೆಂದೇ ಪೂಜಿಸುವ ಉತ್ತರ ಕರ್ನಾಟಕದವರಿಗೆ ಜಮದಗ್ನಿ ದೂರದ ಹೆಸರಲ್ಲ. ಆದರೆ ಸವದತ್ತಿಯ ಕಥೆಯಲ್ಲಿ ಹೆಂಡತಿಯ ಮುಂದೆ ಮರೆಗೆ ಸರಿದ ಋಷಿ ಇಲ್ಲಿ ಭೂಮಿಕಾಣಿಗಳ ಒಡೆಯ, ನ್ಯಾಯಾಧೀಶ, ರಾಜ ಎಲ್ಲವೂ ಆಗಿದ್ದಾನೆ. ಅವನಿಗೆ ವಿಗ್ರಹವಿಲ್ಲ. ಕುಲ್ಲುವಿನ ಪ್ರಸಿದ್ಧ ದಸರೆಯಲ್ಲಿ ಕಣಿವೆಯ ದೇವತೆಗಳೆಲ್ಲ ರಘುನಾಥನ ಮುಂದೆ ಬಂದು ನೆರೆಯುವಾಗ ಜಮ್ಲು ಮಾತ್ರ ಬಿಯಾಸಿನ ಆಚೆಯ ದಡದಲ್ಲೇ ನಿಲ್ಲುವುದು ವಾಡಿಕೆ. ದೇವರ ಹೆಸರಿನಲ್ಲಿ ಊರನ್ನಾಳುವುದು ಹನ್ನೊಂದು ಜನರ ಹಿರಿಯ ಸಭೆ. ಕಾರದಾರ, ಪೂಜಾರಿ, ಮತ್ತು ದೇವರು ಮೈದುಂಬಿ ನುಡಿಸುವ ಗುರ್ ಎಂಬುವನು, ಈ ಮೂವರು ಅದರ ಕಾಯಂ ಸದಸ್ಯರು. ಗುರ್ ಎಂದರೆ ಕರಾವಳಿಯ ಪಾತ್ರಿಯಂತೆ ಎಂದರೆ ವಾಚಕರಲ್ಲಿ ಅನೇಕರಿಗೆ ಚಿತ್ರ ಸ್ಪಷ್ಟವಾದೀತು. ಉಳಿದ ಎಂಟು ಮಂದಿಯನ್ನು ಊರಿನವರು ಆರಿಸುತ್ತಾರೆ. ಮನೆಗೊಬ್ಬ ಯಜಮಾನನು ಸೇರುವ ಕಿರಿಯ ಸಭೆ ಬೇರೆ ಉಂಟು. ಇದನ್ನು ಕಂಡು ಪ್ರಪಂಚದ ಅತಿ ಪುರಾತನ ಪ್ರಜಾಪ್ರಭುತ್ವವೆಂದು ಬಣ್ಣಿಸುವುದು ಪ್ರವಾಸಿಗರ ಕೈಪಿಡಿಗಳಿಗೆ ಅಭ್ಯಾಸವಾಗಿದೆ. ಊರಿನವರು ಅಲೆಕ್ಸಾಂಡರನ ಸೈನಿಕರ ಸಂತತಿಯೆಂಬ ಕಥೆಯೂ ಅದೇ ಕೈಪಿಡಿಗಳದು. ಎರಡನೆಯದಕ್ಕೆ ಯಾವ ಆಧಾರವೂ ಇಲ್ಲ. ಮೊದಲನೆಯದು, ಕಡೆಯ ಮಾತು ದೇವರದೇ ಆಗಿರುವಲ್ಲಿ, ಪದದ ಸಡಿಲ ಬಳಕೆ.

ಗ್ರೀಕರ ಕಥೆಯನ್ನು ಅಲ್ಲಗಳೆಯುವುದಕ್ಕೆ ಅವರ ಭಾಷೆಯೊಂದೇ ಸಾಕು. ಕನಾಶಿ ಎಂಬ ಈ ನುಡಿ ಟಿಬೆಟೊ-ಬರ್ಮನ್ ಬಳಗಕ್ಕೆ ಸೇರಿದುದು. ಕಿನ್ನೌರದ ನುಡಿಗಳು ಇದಕ್ಕೆ ಹತ್ತಿರದ ನಂಟು. ಸುತ್ತಲೂ ಆರ್ಯಭಾಷೆಯಾದ ಕುಲ್ಲುವಿ ಹಬ್ಬಿರುವಾಗ ನಡುವೆ ಒಂದೇ ಊರಿನ, ಸುಮಾರು ಎರಡು ಸಾವಿರ ಜನರ ಬಾಯಲ್ಲಿ ಈ ನುಡಿ ಉಳಿದು ಬಂದಿದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾನಿಲಯದ ಅಂಜು ಸಕ್ಸೇನಾ ಅವರ ನೇತೃತ್ವದಲ್ಲಿ ಇದರ ವ್ಯಾಕರಣವನ್ನು ಕುರಿತ ಪ್ರೌಢ ಗ್ರಂಥವೊಂದು ೨೦೨೨ರಲ್ಲಿ ಹೊರಬಂದಿದೆ. ಪರಭಾಷೆಯ ನಗರದಲ್ಲಿ ಮಕ್ಕಳಿಗೆ ಕನ್ನಡವನ್ನುಳಿಸಲು ಸಂಘ ಕಟ್ಟುವವರು ಇದನ್ನು ಗಮನಿಸತಕ್ಕದ್ದು. ಮಲಾಣಾದವರು ಸಂಘ ಕಟ್ಟಲಿಲ್ಲ; ಊರ ಹೊರಗಿನವರನ್ನು ಮುಟ್ಟಿಸಿಕೊಳ್ಳಲಿಲ್ಲ, ಅಷ್ಟೆ.

ಈ ಊರನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದವನು ಕಾಲಿನ್ ರಾಸರ್ ಎಂಬ ಮಾನವಶಾಸ್ತ್ರಜ್ಞ. ಅವನ ಪ್ರಬಂಧ ೧೯೫೨ರಲ್ಲಿ ಮುಂಬಯಿಯ ಎಕನಾಮಿಕ್ ವೀಕ್ಲಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೈಸೂರಿನವರಾದ ಎಂ. ಎನ್. ಶ್ರೀನಿವಾಸರು ೧೯೫೫ರಲ್ಲಿ ಸಂಪಾದಿಸಿದ 'ಇಂಡಿಯಾಸ್ ವಿಲೇಜಸ್' ಸಂಪುಟದಲ್ಲಿ ಅದು ಸೇರಿತು. ರಾಸರನು ಈ ಊರಿಗೆ ಕೊಟ್ಟ ವಿಶೇಷಣ 'ಸನ್ಯಾಸಿ ಗ್ರಾಮ' ಎಂಬರ್ಥದ್ದು. ಊರಿನ ಸಮಸ್ತ ವ್ಯವಸ್ಥೆಯೂ ಹೊರಗಿನವನನ್ನು ದೂರವಿಡುವ ಒಂದೇ ಉದ್ದೇಶಕ್ಕೆ ಒದಗಿದಂತೆ ಆಗ ಕಾಣುತ್ತಿದ್ದಿತು. ಇಂದು ಅದೇ ಊರಿನ ಹೆಸರು ದೇಶವಿದೇಶಗಳಲ್ಲಿ ಒಂದು ಸರಕಿನ ಹೆಸರಾಗಿದೆ. ಮುಟ್ಟಿಸಿಕೊಳ್ಳದ ಊರು ಹೊರಗಿನವನ ಹಣವನ್ನೇ ನಂಬಿ ಬದುಕುವಂತಾದುದು ಹೇಗೆ ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಹೋಗುವ ಪ್ರಯಾಣಿಕನಿಗೆ ಸುಗ್ಗಿಯ ಹೊಲದಲ್ಲಿ ಕಾಣುವುದು ಬಹಳ; ಇಲ್ಲದಿದ್ದರೆ ಅವನು ಕಾಣುವುದು ಹೊಗೆಯನ್ನು ಮಾತ್ರ.

ಮೊದಲು ಗಿಡದ ಮಾತು. ಕನ್ನಡದಲ್ಲಿ ಸೆಣಬು ಎಂದು ಕರೆಯುವ ನಾರಿನ ಬೆಳೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನ ಹೆಂಪ್ ಎಂಬ ಶಬ್ದ ಎಲ್ಲಕ್ಕೂ ಬಳಕೆಯಾಗಿ ಗೊಂದಲವಾಗಿದೆ. ಭಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಎಲೆ ಭಂಗಿಯಾಗುತ್ತದೆ, ಹೆಣ್ಣು ಗಿಡದ ಹೂಗೊಂಚಲು ಗಾಂಜಾ ಆಗುತ್ತದೆ, ಹೂವಿನ ಮೇಲೆ ಒಸರುವ ಅಂಟು ಚರಸ್ಸಾಗುತ್ತದೆ. ಆದರೆ ಬೆಟ್ಟದ ರೈತನಿಗೆ ಇವು ಮೂರಕ್ಕಿಂತ ಹಿಂದಿನವು ಇನ್ನೆರಡು: ಬೀಜ ಮತ್ತು ನಾರು. ಬೀಜವನ್ನು ಹುರಿದು ತಿನ್ನುತ್ತಾರೆ, ಅರೆದು ರೊಟ್ಟಿ ಕಡುಬುಗಳಲ್ಲಿ ತುಂಬುತ್ತಾರೆ; ಚಳಿಗಾಲದಲ್ಲಿ ಮೈಗೆ ಶಾಖ ಕೊಡುವ ಎಣ್ಣೆಯಂಶ ಅದರಲ್ಲಿದೆ. ಕಾಂಡದ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಪುಲ ಎಂಬ ಪಾದರಕ್ಷೆಯನ್ನು ಹೆಣೆಯುತ್ತಾರೆ. ಚರ್ಮ ನಿಷಿದ್ಧವಾದ ಗುಡಿಯ ಅಂಗಳದಲ್ಲಿಯೂ ಪುಲವನ್ನು ಮೆಟ್ಟಿ ನಡೆಯಬಹುದು. ಹಿಮದ ನೆಲದಲ್ಲಿ ದೇವರ ಮುಂದೆ ಬರಿಗಾಲಲ್ಲಿ ನಿಲ್ಲುವ ಕಷ್ಟವನ್ನು ಕಲ್ಪಿಸಿಕೊಂಡವರಿಗೆ ಈ ಗಿಡದ ಬೆಲೆ ತಿಳಿಯುತ್ತದೆ.

ಹಿಂದೆ ಚರಸ್ಸಿಗೆ ಪ್ರಸಿದ್ಧವಾಗಿದ್ದುದು ಮಲಾಣಾ ಅಲ್ಲ, ಮಧ್ಯ ಏಷ್ಯದ ಯಾರ್ಕಂದ್. ಅಲ್ಲಿನ ವರ್ತಕರು ಕಾರಾಕೋರಂ ದಾಟಿ ಲೇಹ್‌ಗೆ ತಂದ ಮಾಲು ಲಾಹುಲ್, ಕುಲ್ಲುಗಳ ಮಾರ್ಗವಾಗಿ ಹೋಶಿಯಾರಪುರದ ಪೇಟೆಗೆ ಇಳಿಯುತ್ತಿದ್ದಿತು; ಪಂಜಾಬ ಸರಕಾರ ಅದರ ಮೇಲೆ ಸುಂಕ ವಸೂಲು ಮಾಡುತ್ತಿದ್ದಿತು. ೧೮೯೩ರಲ್ಲಿ ನೇಮಕವಾದ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗ ಸಾವಿರಕ್ಕೂ ಮೀರಿದ ಸಾಕ್ಷಿಗಳನ್ನು ವಿಚಾರಿಸಿ, ಮಿತಪ್ರಮಾಣದ ಸೇವನೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲವೆಂದೂ ನಿಷೇಧಕ್ಕಿಂತ ಸುಂಕದ ಹತೋಟಿಯೇ ಮೇಲೆಂದೂ ಮರುವರ್ಷ ವರದಿ ಕೊಟ್ಟಿತು. ಸರಕಾರದ ಬೊಕ್ಕಸಕ್ಕೆ ಹಿತವಾದ ತೀರ್ಮಾನವೆಂಬುದನ್ನು ಮರೆಯಬೇಕಾಗಿಲ್ಲ. ಆದರೂ ವರದಿಯ ಶ್ರಮ ಸುಳ್ಳಲ್ಲ. ಯಾರ್ಕಂದದ ವ್ಯಾಪಾರ ೧೯೩೦ರ ದಶಕದಲ್ಲಿ ಅಡಗಿತು. ಅದಾದ ಒಂದು ತಲೆಮಾರಿನ ಮೇಲೆ, ೧೯೬೦-೭೦ರ ದಶಕಗಳಲ್ಲಿ, ಕುಲ್ಲು ಕಣಿವೆಗೆ ಬಂದ ಪಾಶ್ಚಾತ್ಯ ತರುಣರು ಇಲ್ಲಿಯ ಗಿಡದ ಅಂಟನ್ನು ಕೊಳ್ಳತೊಡಗಿದರು. ಮನೆಬಳಕೆಗೆ ಸ್ವಲ್ಪವೇ ತಯಾರಾಗುತ್ತಿದ್ದ ವಸ್ತು ಆಗ ಮಾರಾಟದ ಬೆಳೆಯಾಯಿತು.

ಸುಗ್ಗಿಯ ಹೊಲವನ್ನು ಕಣ್ಣಾರೆ ಕಂಡವನಿಗೆ ಮೊದಲು ಹೊಳೆಯುವುದು ಅದರಲ್ಲಿ ಕುಡುಗೋಲಿಗೆ ಹೆಚ್ಚು ಕೆಲಸವಿಲ್ಲವೆಂಬುದು. ಒಳ್ಳೆಯ ಮಾಲು ಬರುವುದು ನಿಂತ ಹಸಿ ಗಿಡದಿಂದ. ಗಂಡಸರು ಹೆಂಗಸರು ಬೆಳಗಿನ ಇಬ್ಬನಿ ಆರಿದ ಮೇಲೆ ಸಾಲಿನಲ್ಲಿ ಕುಳಿತೋ ನಿಂತೋ ಹೂಗೊಂಚಲನ್ನು ಎರಡು ಅಂಗೈಗಳ ನಡುವೆ ಮೆಲ್ಲಗೆ ಹೊಸೆಯುತ್ತಾರೆ. ಹಿಂದಿಯ 'ಮಲ್‌ನಾ' ಎಂಬ ಕ್ರಿಯಾಪದ ಇದಕ್ಕೆ ಬಳಕೆಯಲ್ಲಿರುವುದರಿಂದ ಊರಿನ ಹೆಸರಿಗೂ ಅದಕ್ಕೂ ಗಂಟು ಹಾಕುವವರುಂಟು. ಅದು ಬರಿಯ ಶಬ್ದಸಾಮ್ಯ. ಹೊಸೆಯುತ್ತ ಹೋದಂತೆ ಅಂಗೈಯಲ್ಲಿ ಕಪ್ಪು ಅಂಟು ಪದರಗಟ್ಟುತ್ತದೆ. ಆತುರಪಟ್ಟು ಬಲವಾಗಿ ಉಜ್ಜಿದರೆ ಎಲೆಯ ಹಸುರು ರಸವೂ ಸೇರಿ ಮಾಲು ಕೆಡುತ್ತದೆ. ಸಂಜೆಗೆ ಅಂಗೈಯಿಂದ ಕೆರೆದು ಉಂಡೆ ಮಾಡಿದಾಗ ದೊರೆಯುವುದು ತೊಲೆಯ ಲೆಕ್ಕದಲ್ಲಿ. ಉತ್ತಮ ದರ್ಜೆಯದಾದರೆ ಇಡೀ ದಿನದ ದುಡಿಮೆಗೆ ಒಂದು ತೊಲೆ ಬಂದರೆ ಹೆಚ್ಚು. ಭುಜ ಸೆಡೆಯುತ್ತದೆ, ಅಂಗೈ ಬಿರಿಯುತ್ತದೆ, ಕೈಗೆ ಅಂಟಿದ್ದು ಬಹು ಹೊತ್ತು ಬಿಡುವುದಿಲ್ಲ. ಮನೆಯ ಕೈಗಳು ಸಾಲದೆ ನೇಪಾಳದಿಂದ ಬಂದ ಕೂಲಿಗಳನ್ನು ಹಚ್ಚುತ್ತಾರೆ. ಮಕ್ಕಳ ಕೈಯೂ ಸೇರುವುದುಂಟು. ಹಿಮ ಬೀಳುವುದರೊಳಗೆ ಹುಲ್ಲು ಕೊಯ್ದು ಒಟ್ಟಬೇಕು, ಚಪ್ಪಡಿಯ ಮಾಡಿನ ಮೇಲೆ ಜೋಳದ ತೆನೆ ಒಣಗಿಸಬೇಕು, ರಾಜ್ಮಾ ಬಿಡಿಸಬೇಕು. ಈ ಎಲ್ಲ ಕೆಲಸಗಳೂ ಅದೇ ಆರು ವಾರಗಳಲ್ಲಿ ಬಂದು ಬೀಳುತ್ತವೆ.

ಪ್ರಯಾಣಿಕನು ಇದನ್ನು ಹಬ್ಬವೆಂದು ತಿಳಿದು ಬಂದಿರುತ್ತಾನೆ. ಹೊಲದಲ್ಲಿ ತಾನೂ ಒಂದು ಗಂಟೆ ಕೈಯಾಡಿಸಿ ಚಿತ್ರ ತೆಗೆಸಿಕೊಳ್ಳಬೇಕೆಂಬ ಆಸೆ ಅವನದು. ೧೯೯೦ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಸ್ಪರ್ಧೆಯಲ್ಲಿ ಈ ಊರಿನ ಮಾಲಿಗೆ ಬಹುಮಾನ ಬಂದಿತೆಂಬುದು ಅವನಿಗೆ ಕಂಠಪಾಠ. ಆದರೆ ಬಹುಮಾನದಿಂದ ಏರಿದ ಬೆಲೆಯಲ್ಲಿ ಅಂಗೈ ಹೊಸೆದವಳಿಗೆ ಬಂದ ಪಾಲು ಅಲ್ಪ. ನಗರದಲ್ಲಿ ಅದರ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಬೇರೆ ಕಣಿವೆಯದೂ ನೇಪಾಳದ್ದೂ ಕಲಬೆರಕೆಯದೂ ಸೇರಿರುತ್ತದೆ. ಅಷ್ಟು ಮಾಲನ್ನು ಒಂದೇ ಊರು ಬೆಳೆಯುವುದು ಸಾಧ್ಯವೇ ಇಲ್ಲ.

ಇನ್ನು ಕಾನೂನು. ೧೯೬೧ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವೂ ಸೇರಿತ್ತು. ವೈದ್ಯಕೀಯವಲ್ಲದ ಬಳಕೆಯನ್ನು ಇಪ್ಪತ್ತೈದು ವರ್ಷಗಳಲ್ಲಿ ನಿಲ್ಲಿಸಬೇಕೆಂಬ ಅದರ ಅವಧಿ ತೀರುತ್ತ ಬಂದಾಗ, ೧೯೮೫ರಲ್ಲಿ, ಮಾದಕ ವಸ್ತುಗಳ ಕಾಯಿದೆ ಜಾರಿಗೆ ಬಂದಿತು. ಅದರ ಪ್ರಕಾರ ಬೀಜವೂ, ಹೂಗೊಂಚಲಿನಿಂದ ಬೇರ್ಪಟ್ಟ ಎಲೆಯೂ ಗಾಂಜಾದ ವ್ಯಾಖ್ಯೆಯಿಂದ ಹೊರಗೆ. ಚರಸ್ ಸಂಪೂರ್ಣ ನಿಷಿದ್ಧ. ಪರವಾನಗಿಯಿಲ್ಲದೆ ಗಿಡ ಬೆಳೆದವನಿಗೆ ಹತ್ತು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಚರಸ್ಸನ್ನು ಇಟ್ಟುಕೊಂಡವನಿಗೆ ತೂಕದಂತೆ ಶಿಕ್ಷೆ: ೧೦೦ ಗ್ರಾಮಿನವರೆಗೆ ಅಲ್ಪಪ್ರಮಾಣ, ಒಂದು ವರ್ಷದವರೆಗಿನ ಸಜೆ ಅಥವಾ ದಂಡ, ಒಂದು ಕಿಲೋವನ್ನು ಮೀರಿದರೆ ವಾಣಿಜ್ಯಪ್ರಮಾಣ, ಹತ್ತು ವರ್ಷಕ್ಕೆ ಕಡಿಮೆಯಿಲ್ಲದ, ಇಪ್ಪತ್ತರವರೆಗೆ ಏರಬಹುದಾದ ಸಜೆ. ಸುಗ್ಗಿ ನೋಡಲು ಹೋದ ತರುಣನ ಜೇಬಿನಲ್ಲಿರುವುದು ಬಹುಮಟ್ಟಿಗೆ ಮೊದಲನೆಯ ವರ್ಗದ್ದು. ಚೀಲ ಹೊತ್ತು ಘಾಟಿ ಇಳಿಯುವ ಕೂಲಿಯ ಬೆನ್ನಿನ ಮೇಲಿರುವುದು ಎರಡನೆಯದು. ಭುಂತರ್ ರಸ್ತೆಯ ತಪಾಸಣೆಯಲ್ಲಿ ಇಬ್ಬರೂ ಸಿಕ್ಕಿದರೆ ಒಬ್ಬನ ವಿದ್ಯಾಭ್ಯಾಸಕ್ಕೆ ಭಂಗ ಬಂದೀತು, ಇನ್ನೊಬ್ಬನ ಯೌವನವೇ ಕಳೆದೀತು. ಕೂಲಿಯನ್ನು ಕಳುಹಿಸಿದ ವ್ಯಾಪಾರಿ ಆ ರಸ್ತೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಪ್ರತಿ ವರ್ಷ ಸುಗ್ಗಿಗೆ ಮುಂಚೆ ಪೊಲೀಸರೂ ಕೇಂದ್ರದ ಮಾದಕವಸ್ತು ನಿಯಂತ್ರಣ ಇಲಾಖೆಯವರೂ ಬೆಟ್ಟ ಹತ್ತಿ ಗಿಡಗಳನ್ನು ಕಡಿದು ಹಾಕುವರು. ಇದರ ಪರಿಣಾಮ ಬೆಳೆ ನಿಂತುದಲ್ಲ, ಮೇಲಕ್ಕೆ ಸರಿದುದು. ಸ್ವಂತ ಹೊಲದಲ್ಲಿ ಗಿಡ ಸಿಕ್ಕಿದರೆ ದಾಖಲೆಯಲ್ಲಿ ಒಡೆಯನ ಹೆಸರಿರುತ್ತದೆ. ಕಾಡಿನ ಭೂಮಿಯಲ್ಲಿ ಸಿಕ್ಕಿದರೆ ಯಾರ ಹೆಸರೂ ಇಲ್ಲ. ಆದ್ದರಿಂದ ದೇವದಾರು ಕಾಡಿನ ನಡುವೆ ಮರ ಕಡಿದು ಹೊಸ ತಾಕುಗಳಾದವು. ಪ್ರಯಾಣಿಕನು 'ಕಾಡುಗಿಡ' ಎಂದು ಮೆಚ್ಚಿ ನೋಡುವುದು ಅನೇಕ ವೇಳೆ ಪೊಲೀಸರ ಭಯದಿಂದ ಬಿತ್ತಿದ ಗಿಡವನ್ನು. ಅಂಥ ತಾಕುಗಳ ಬಳಿ ಅಪರಿಚಿತನು ಸುಳಿದಾಡುವುದು ಕ್ಷೇಮವಲ್ಲವೆಂದು ತಿಳಿದವರು ಹೇಳುತ್ತಾರೆ. ೧೯೯೦ರ ದಶಕದಿಂದೀಚೆಗೆ ಪಾರ್ವತಿಯ ಕಣಿವೆಯಲ್ಲಿ ಅನೇಕ ವಿದೇಶೀ ಯಾತ್ರಿಕರು ಕಾಣೆಯಾಗಿದ್ದಾರೆ. ಎಲ್ಲರನ್ನೂ ಇದೇ ಕಾರಣಕ್ಕೆ ಸೇರಿಸುವುದು ನ್ಯಾಯವಲ್ಲ. ಅಲ್ಲಿನ ಹೊಳೆ, ಹಿಮ, ಕಮರಿಗಳೇ ಸಾಕಷ್ಟು ಕ್ರೂರ.

ಊರಿನೊಳಗಿನ ಕಥೆ ಇನ್ನೂ ಸೂಕ್ಷ್ಮ. ಜಮ್ಲುವಿನ ಸಭೆ ತಲೆತಲಾಂತರದಿಂದ ನೆಚ್ಚಿದ್ದುದು ಒಂದು ಸರಳ ಸಂಗತಿಯನ್ನು: ಊರಿನವನಿಗೆ ಊರಲ್ಲದೆ ಬೇರೆ ಗತಿಯಿಲ್ಲ. ಬಹಿಷ್ಕಾರ ಹಾಕಿದರೆ ಬೆಂಕಿ ನೀರು ನಿಂತುಹೋಗುತ್ತಿದ್ದವು. ಕೈಯಲ್ಲಿ ಹಣವಿದ್ದು ಕುಲ್ಲುವಿನಲ್ಲಿ ಮನೆ ಮಾಡಬಲ್ಲವನಿಗೆ ಆ ಭಯ ಅಷ್ಟಿಲ್ಲ. ೨೦೦೮ರ ಜನವರಿಯಲ್ಲಿ ಬಿದ್ದ ಬೆಂಕಿ ಮರ ಮತ್ತು ಕಲ್ಲಿನ ಪದರಗಳಲ್ಲಿ ಕಟ್ಟಿದ ಹಳೆಯ ಮನೆಗಳನ್ನೂ ಗುಡಿಗಳನ್ನೂ ಆಹುತಿ ತೆಗೆದುಕೊಂಡಿತು. ಮರಳಿ ಕಟ್ಟಿದಾಗ ಸಿಮೆಂಟು, ತಗಡುಗಳು ಬಂದವು. ಅತಿಥಿಗಳಿಗೆಂದು ಕೊಠಡಿಗಳೆದ್ದವು. ಮುಟ್ಟಬಾರದ ಗೋಡೆಗಳ ಪಕ್ಕದಲ್ಲಿ ಹಾಸಿಗೆ ಬಾಡಿಗೆಗೆ ದೊರೆಯತೊಡಗಿತು. ೨೦೧೭ರಲ್ಲಿ ದೇವರ ಅಪ್ಪಣೆಯಾಯಿತು: ಹೊರಗಿನವರು ಊರಿನಲ್ಲಿ ರಾತ್ರಿ ತಂಗಕೂಡದು. ಅತಿಥಿಗೃಹಗಳು ಬಾಗಿಲು ಹಾಕಿದವು. ಲಾಭ ಕೊಡುತ್ತಿದ್ದ ಉದ್ಯೋಗವನ್ನು ಒಂದು ಮಾತಿಗೆ ನಿಲ್ಲಿಸುವ ಬಲ ಆ ಸಭೆಗೆ ಇನ್ನೂ ಇದ್ದಿತೆಂಬುದು ಅನೇಕರಿಗೆ ಆಶ್ಚರ್ಯ ತಂದಿತು. ಹಾಸಿಗೆಗೆ ನಿಷೇಧ ಬಿದ್ದರೂ ಗಿಡಕ್ಕೆ ಬೀಳಲಿಲ್ಲವೆಂಬುದನ್ನೂ ಗಮನಿಸಬೇಕು. ಬೆಳೆ ಬಿಟ್ಟರೆ ಬದುಕಿಗೆ ಬೇರೇನು ಎಂಬ ಪ್ರಶ್ನೆಗೆ ಆ ಎತ್ತರದ ಬಟಾಟೆ, ರಾಜ್ಮಾಗಳು ಪೂರ್ಣ ಉತ್ತರ ಕೊಡಲಾರವು.

ಸರಕಾರವೂ ಈಚೆಗೆ ಈ ಗಿಡವನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ೧೯೮೫ರ ಕಾಯಿದೆಯ ೧೪ನೆಯ ಕಲಮು ನಾರು, ಬೀಜಗಳಿಗಾಗಿ ಬೇಸಾಯಕ್ಕೆ ಅನುಮತಿ ಕೊಡುವ ಅಧಿಕಾರವನ್ನು ಸರಕಾರಕ್ಕೆ ಬಿಟ್ಟಿದೆ. ನೆರೆಯ ಉತ್ತರಾಖಂಡವು ೨೦೧೮ರಲ್ಲಿ, ಮಾದಕಾಂಶ ನೂರಕ್ಕೆ ೦.೩ನ್ನು ಮೀರದ ತಳಿಗಳಿಗೆ, ಪರವಾನಗಿ ಕೊಡಲಾರಂಭಿಸಿತು. ಹಿಮಾಚಲದ ವಿಧಾನಸಭೆ ೨೦೨೪ರ ಸೆಪ್ಟೆಂಬರಿನಲ್ಲಿ ಔಷಧ ಮತ್ತು ಕೈಗಾರಿಕೆಗಾಗಿ ಬೇಸಾಯವನ್ನು ಶಾಸನಬದ್ಧಗೊಳಿಸುವ ನಿರ್ಣಯವನ್ನು ಅಂಗೀಕರಿಸಿತು. ೨೦೨೫ರ ಜನವರಿಯಲ್ಲಿ ಮಂತ್ರಿಮಂಡಲವು ಪಾಲಂಪುರ ಮತ್ತು ನೌಣಿಯ ವಿಶ್ವವಿದ್ಯಾನಿಲಯಗಳ ಮೂಲಕ ಪ್ರಾಯೋಗಿಕ ಅಧ್ಯಯನಕ್ಕೆ ಒಪ್ಪಿಗೆಯಿತ್ತಿತು. ನಾರು ಬೀಜಗಳಿಗೆ ಮರಳುವ ಈ ಆಲೋಚನೆ ಕೇಳಲು ಹಿತವಾಗಿದೆ. ಅದರಲ್ಲಿ ಒಂದು ತೊಡಕುಂಟು. ಭಂಗಿಯ ಪರಾಗ ಗಾಳಿಯಲ್ಲಿ ಬಹುದೂರ ಹಾರುತ್ತದೆ. ಕೆಳಗಿನ ಕಣಿವೆಯಲ್ಲಿ ಪರವಾನಗಿ ಪಡೆದ ಸಪ್ಪೆ ತಳಿಯ ಹೊಲಗಳೆದ್ದರೆ ಅದರ ಧೂಳಿ ಮೇಲಿನ ಹೊಲಗಳ ಹೆಣ್ಣು ಹೂಗಳಿಗೆ ತಗಲುತ್ತದೆ. ಹೂವು ಬೀಜಕಟ್ಟಿ ಅಂಟು ಕುಗ್ಗುತ್ತದೆ, ಬೀಜ ಮುಂದಿನ ವರ್ಷ ಬೆರಕೆಯ ಗಿಡವಾಗಿ ಹುಟ್ಟುತ್ತದೆ. ಔಷಧಕ್ಕೆ ಬೇಕಾದ ಮೂಲತಳಿಯೂ ಅದರೊಡನೆ ಅಳಿಯಬಹುದು. ಬೆಟ್ಟದಲ್ಲಿ ಬಗೆಬಗೆಯಾಗಿ ಉಳಿದಿರುವ ದೇಶೀ ತಳಿಗಳನ್ನು ಮೊದಲು ಸಂಗ್ರಹಿಸಿಡಬೇಕೆಂಬುದು ವಿವೇಕದ ಮಾತು. ಪರವಾನಗಿಯ ಪತ್ರ, ಬೇಲಿ, ಪರೀಕ್ಷಾಲಯಗಳ ವೆಚ್ಚವನ್ನು ಹೊರಬಲ್ಲವನು ಕೆಳಗಿನ ಸಮತಟ್ಟಿನ ದೊಡ್ಡ ಹಿಡುವಳಿದಾರನೇ ಹೊರತು ೮,೭೦೦ ಅಡಿಯ ಮೇಲೆ ಒಂದೆರಡು ತಾಕು ಇರುವವನಲ್ಲ. ನಲವತ್ತು ವರ್ಷ ಸಜೆಯ ಅಪಾಯವನ್ನು ಹೊತ್ತವರು ಒಬ್ಬರು, ಶಾಸನಬದ್ಧವಾದ ಮೇಲೆ ಲಾಭ ಹೊಂದುವವರು ಇನ್ನೊಬ್ಬರು ಎಂದಾಗಬಾರದಾದರೆ ನಿಯಮಗಳನ್ನು ಬರೆಯುವಾಗಲೇ ಅದನ್ನು ನೋಡಿಕೊಳ್ಳಬೇಕು.

೨೦೨೪ರ ಜುಲೈ ೩೧ರ ರಾತ್ರಿ ಮೇಘಸ್ಫೋಟವಾಗಿ ಮೊದಲನೆಯ ಯೋಜನೆಯ ಕಟ್ಟೆ ಒಡೆಯಿತು. ಹೊಳೆಯೊಡನೆ ಮೋಟಾರುರಸ್ತೆಯೂ ಕೊಚ್ಚಿಹೋಗಿ ಊರು ಮತ್ತೆ ಕಾಲುದಾರಿಯ ಪಾಲಾಯಿತು. ರೋಗಿಯನ್ನು ಬೆನ್ನ ಮೇಲೆ ಇಳಿಸಬೇಕು, ಅಕ್ಕಿ ಹಿಟ್ಟುಗಳನ್ನು ಬೆನ್ನ ಮೇಲೆ ಏರಿಸಬೇಕು. ಗಿಡಗಳು ಆಗ ಆಳೆತ್ತರ ಬೆಳೆದು ನಿಂತಿದ್ದವು; ಹೂವಿಗೆ ಇನ್ನು ಆರೇಳು ವಾರ ಉಳಿದಿದ್ದವು.